ಗಿರಣಿಯ ಕಾಲು ಬೆಸೆಯಿಸಲು ಹೋದದ್ದು

ಜೋಳದ ರೊಟ್ಟಿಗೆ ಹಿಟ್ಟು ಬೇಕು, ಹಿಟ್ಟಿಗೆ ಗಿರಣಿ ಬೇಕು; ಗಿರಣಿಗೂ ಕಾಲು ಬೇಕೆಂಬುದು ಅದು ಮುರಿದ ದಿನವೇ ನನಗೆ ಹೊಳೆದದ್ದು. ನಮ್ಮಕ್ಕ ಗಂಗವ್ವ, ಗಂಡ ತೀರಿದ ಮೇಲೆ, ಉಮದಿ ಎಂಬ ಊರಲ್ಲಿ ಆ ಗಿರಣಿಯನ್ನೇ ನೆಚ್ಚಿ ಬದುಕುತ್ತಿದ್ದಳು. ಅದರ ಬೀಡುಕಬ್ಬಿಣದ ಕಾಲು ಬಿರಿದಾಗ ನಾನು, "ಸಾಕ ಬಿಡಕ್ಕಾ, ನಮ್ಮನಿಗಿ ಬಂದ್ಬಿಡು" ಎಂದೆ.

"ತಮ್ಮನ ಮನ್ಯಾಗ ಎರಡ ದಿನ ಅಕ್ಕ, ಮೂರನೇ ದಿನ ಆಳು. ಕಾಲ ಬೆಸಿಸ್ಕೊಂಡ ಬರೂಣು ನಡಿ" ಎಂದಳು. ನನಗೆ ಸಿಟ್ಟು ಬಂತು. ಆದರೂ ಕಾಲನ್ನು ಗೋಣಿಯಲ್ಲಿ ಸುತ್ತಿ, ಬಸ್ಸಿನ ಮೇಲೇರಿಸಿ, ವಿಜಾಪುರದ ಹಾದಿ ಹಿಡಿದೆವು.

ನೋಡಿ ಗೆಳೆಯರೇ, ಅಲ್ಲಿಯವರೆಗೆ ನಾನು ಬಲ್ಲದ್ದು ಕಮ್ಮಾರನ ಕುಲುಮೆಯೊಂದೇ: ಕಾಯಿಸು, ಬಡಿ, ನೀರಿಗೆ ಅದ್ದು. ಎಂಜಿನ್ನಿನಿಂದ ಕರೆಂಟು ಹುಟ್ಟಿಸಿ ಬೆಸೆಯುವ ದಸ್ತಗೀರ ಸಾಹೇಬರ ಅಂಗಡಿಯಲ್ಲಿ ಬೆಸುಗೆಯ ಕಡ್ಡಿಗೊಂದು ಮತ. ಬರಿಯ ತಂತಿ ಕರಗಿ ಕೂಡುತ್ತದಂತೆ, ಆದರೆ ಗಾಳಿ ಸೋಕಿ ಬೆಸುಗೆ ತೂತುತೂತಾಗುತ್ತದಂತೆ. ಲೇಪದ ಕಡ್ಡಿಯಾದರೆ ಲೇಪ ಉರಿದು, ಗಾಳಿಯನ್ನು ದೂರವಿಟ್ಟು, ಮೇಲೊಂದು ಹೆಕ್ಕಳೆ ಕಟ್ಟುತ್ತದಂತೆ. ಕುಟ್ಟಿ ತೆಗೆದರೆ ಕೆಳಗೆ ಗಟ್ಟಿ ಬೆಸುಗೆ. ಕಾರ್ಬನ್ ಕಡ್ಡಿಯೋ, ಮದುವೆ ಮಾಡಿಸುವ ದಲ್ಲಾಳಿಯಂತೆ, ತಾನು ಕೂಡದೆ ಉರಿಯನ್ನಷ್ಟೇ ಕೊಡುತ್ತದೆ. ಬೆಸೆಯುವ ಲೋಹವನ್ನು ಇನ್ನೊಂದು ಕೈಯಿಂದ ಉಣಿಸಬೇಕು.

"ಬೀಡುಕಬ್ಬಿಣಕ್ಕ ಲೇಪದ್ದ ಚಲೋರಿ" ಎಂದರು ಸಾಹೇಬರು.

"ಕಾರ್ಬನ್ ಹಚ್ಚಿದ್ರ ಕಾವು ಹರಡತೈತ್ರಿ, ಲಗೂನ ಬಿರಿಯೂದಿಲ್ಲ" ಎಂದರು ಅವರ ತಮ್ಮ.

ಇಬ್ಬರೂ ನನ್ನ ಮುಖ ನೋಡಿದರು. ಅಯ್ಯೋ ಶಿವನೇ, ಇಬ್ಬರಿಗೂ ನಾನು ಹೂಂಗುಟ್ಟಿದ್ದೆ! ಕಣ್ಣಾರೆ ಕಂಡು ತೀರ್ಮಾನಿಸೋಣವೆಂದರೆ ಆ ಬೆಳಕನ್ನು ನೋಡಿದರೆ ಕಣ್ಣೇ ಹೋಗುತ್ತದಂತೆ.

ಕೊನೆಗೆ ಲೇಪದ ಕಡ್ಡಿಯೇ ಗೆದ್ದಿತು. ಬೆಸೆದಾದ ಮೇಲೆ ಸಾಹೇಬರು, "ಬೂದ್ಯಾಗ ಹೂಳ್ತೀನ್ರಿ, ಸಾವಕಾಶ ಆರ್ಲಿ" ಎಂದು ಬೂದಿ ತರಲು ಒಳಹೋದರು. ಅಷ್ಟರಲ್ಲಿ ಅಕ್ಕ, ಹೊಸ ಕಬ್ಬಿಣಕ್ಕೆ ನಮ್ಮಲ್ಲಿ ಮಾಡುವಂತೆಯೇ, ಚೀಲದಿಂದ ತೆಂಗಿನಕಾಯಿ ತೆಗೆದು ಒಡೆದು, ಆ ನೀರನ್ನು ಭಕ್ತಿಯಿಂದ ಬಿಸಿ ಬೆಸುಗೆಯ ಮೇಲೆ ಸುರಿದಳು. ಟಣ್ ಎಂದಿತು. ಬೆಸುಗೆಯ ಪಕ್ಕದಲ್ಲೇ ಕಾಲು ಮತ್ತೆ ಬಿರಿದಿತ್ತು.

ಕಡ್ಡಿಯ ತಪ್ಪೋ, ಕಾಯಿಯ ತಪ್ಪೋ? ಕಾರ್ಬನ್ ಹಚ್ಚಿದ್ದರೆ ಉಳಿಯುತ್ತಿತ್ತೋ? ಇಂದಿಗೂ ನನಗೆ ಬಗೆಹರಿದಿಲ್ಲ. ಇನ್ನಾದರೂ ಅಕ್ಕ ನಮ್ಮನೆಗೆ ಬಂದಾಳೆಂಬ ಹಿಗ್ಗು, ಬಿಳಿಚಿದ ಅವಳ ಮುಖ ಕಂಡ ಸಂಕಟ, ಎರಡೂ ನನಗೆ ಒಟ್ಟಿಗೇ ಬಂದವು.

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು.

"ಇನ್ನೊಮ್ಮಿ ಹಚ್ರಿ ಸಾಹೇಬ್ರ. ಈ ಸಲ ಅದು ಆರೂತನಕ ದೇವ್ರನ್ನೂ ಹತ್ರ ಬಿಡೂದಿಲ್ಲ."