ಬೆಟಗೇರಿಯ ಹದಿನೈದು ನಿಮಿಷ

ಧಾರವಾಡದಿಂದ ಗದಗಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲ ಸರಿಸಲು ಹೋಗಿ, "ಏನ್ರಿ ಅಕ್ಕಾರ, ಕಲ್ಲು ತುಂಬೀರೇನು?" ಎಂದ. "ವಿಷದ ಹೊಗಿ ಅಳಿಯೂ ಮಷೀನಪಾ" ಎಂದೆ. ಆತ ಚೀಲ ಅಲ್ಲಿಯೇ ಬಿಟ್ಟು ಹಿಂದಕ್ಕೆ ಸರಿದ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ವಿಷದ ಮಾತು ಕೇಳಿದವರು ಯಾರೂ ಅಣ್ಣಿಗೇರಿಯ ತನಕ ನನ್ನ ಪಕ್ಕದಲ್ಲಿ ಕೂರಲಿಲ್ಲವಾದ್ದರಿಂದ ಕಾಲು ಚಾಚಿಕೊಂಡು ಹೋದೆ. ಈ ಪ್ರವಾಸದಲ್ಲಿ ಸುಖ ಎನ್ನಬಹುದಾದ ಭಾಗ ಅದೊಂದೇ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಅಪಾಯದ ರಾಸಾಯನಿಕಗಳಿಗೆ ಮಿತಿ ಗೊತ್ತುಮಾಡುವ ಸಮಿತಿಯೊಂದಕ್ಕೆ ನನ್ನನ್ನೂ ಸೇರಿಸಿದ್ದರು. ಕೆಲಸದ ಜಾಗದ ಗಾಳಿಯಲ್ಲಿ ಅವುಗಳ ಎಂಟು ತಾಸಿನ ಸರಾಸರಿ ಇಷ್ಟನ್ನು ಮೀರಬಾರದು ಎಂಬ ಮಿತಿ ಮೊದಲಿನಿಂದ ಇದೆ. ಆದರೆ ಕೆಟ್ಟ ಹೊಗೆ ಎಂಟು ತಾಸಿಗೂ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಮುಚ್ಚಳ ತೆಗೆದಾಗ, ಪುಡಿ ಸುರಿದಾಗ ಒಮ್ಮೆಲೇ ಎದ್ದು ಮುಖಕ್ಕೆ ಹೊಡೆಯುತ್ತದೆ. ಅದಕ್ಕಾಗಿ ಇನ್ನೊಂದು ಮಿತಿ ಬೇಕು: ಯಾವುದೇ ಹದಿನೈದು ನಿಮಿಷದ ಸರಾಸರಿ ಇಷ್ಟನ್ನು ದಾಟಬಾರದು ಎಂದು. ದೊಡ್ಡ ಕಾರ್ಖಾನೆಗಳಿಗೆ ಅದನ್ನು ಒಪ್ಪಿದರು. ಸಣ್ಣ ಶೆಡ್ಡುಗಳ ಮಾತು ಬಂದಾಗ ಮಾತ್ರ, "ಅಲ್ಲಿ ಅಷ್ಟು ಹೊಗೆ ಏಳುತ್ತದೆ ಎನ್ನಲು ಅಳತೆ ಎಲ್ಲಿದೆ ಮೇಡಂ?" ಎಂದರು. ತರುತ್ತೇನೆ ಎಂದು ಎದೆ ತಟ್ಟಿ ಎದ್ದವಳು ನಾನೇ.

ಅದಕ್ಕೊಂದು ಕಾರಣವಿತ್ತು. ನಮ್ಮ ಪ್ರಯೋಗಾಲಯದ ಸಹಾಯಕನ ಅಕ್ಕ ಗಂಗವ್ವ ಬೆಟಗೇರಿಯಲ್ಲಿದ್ದಾಳೆ. ಆಕೆಯ ಗಂಡ ರುದ್ರಪ್ಪ ಒಬ್ಬ ಸಾವ್ಕಾರನ ಶೆಡ್ಡಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವನು. ಆಕೆಯೇ ಫೋನ್ ಮಾಡಿದ್ದಳು. "ಅಕ್ಕಾರ, ಇವರಿಗೆ ದಮ್ಮು ಹತ್ತೇತ್ರಿ. ಶೆಡ್ಡಿಗೆ ಹೊಗಿ ಎಳಿಯೂ ಫ್ಯಾನ್ ಹಾಕಸ್ರಿ ಅಂದ್ರ ಸಾವ್ಕಾರ ನಗತಾರ. ಮಷೀನ್ ತಂದು, ಮಿತಿ ಮೀರೇತಿ ಅಂತ ತೋರಸ್ರಿ, ಮರುದಿನಾನ ಹಾಕಸ್ತೇನಿ ಅಂದಾರ. ನಾಕ್ ಮಂದಿ ಮುಂದ ಅಂದಾರ್ರಿ." ಆ ಫ್ಯಾನು ತಿರುಗುವುದು ನನ್ನ ಅಳತೆಯ ಮೇಲೆ ನಿಂತಿತ್ತು.

ಬೆಟಗೇರಿಯನ್ನು ಕೊನೆಗೆ ಇಟ್ಟುಕೊಂಡೆ. ಗದಗಿನಲ್ಲಿ ಗಿರಮಿಟ್ಟು ತಿಂದು, ಮುಳಗುಂದದ ಮೇಲಿಂದ ಲಕ್ಷ್ಮೇಶ್ವರದ ಬಸ್ಸು ಹಿಡಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿನ ಒಂದು ಗೋದಾಮಿನಲ್ಲಿ ಕಾಳಿನ ಚೀಲಗಳಿಗೆ ಹುಳ ಹತ್ತದಂತೆ ನಡುನಡುವೆ ಗುಳಿಗೆ ಇಟ್ಟು, ಮೇಲೆ ತಾಡಪತ್ರಿ ಹೊದಿಸಿದ್ದರು. ಕೆಲವು ದಿನ ಬಿಟ್ಟು ತಾಡಪತ್ರಿ ಎಳೆಯುವಾಗ ಗುಳಿಗೆಯ ಅನಿಲ ಹೊರಗೆ ನುಗ್ಗುತ್ತದೆ. ಆ ಗಳಿಗೆಯನ್ನು ಅಳೆಯಲೆಂದೇ ನಾನು ಹೋಗಿದ್ದು, ನನ್ನೆದುರಿಗೇ ಎಳೆಯಬೇಕೆಂದು ಮೊದಲೇ ಹೇಳಿಯೂ ಇದ್ದೆ.

ಹೋಗಿ ನೋಡಿದರೆ ಬಾಗಿಲುಗಳೆಲ್ಲ ತೆರೆದಿದ್ದವು. ತಾಡಪತ್ರಿ ಮಡಚಿ ಮೂಲೆಗೆ ಇಟ್ಟಾಗಿತ್ತು. ನೆಲಕ್ಕೆ ನೀರು ಹೊಡೆದು ಊದುಬತ್ತಿ ಬೇರೆ ಹಚ್ಚಿದ್ದರು. ಹಮಾಲರ ಹಿರಿಯ ಮಕ್ತುಂಸಾಬ ಕುರ್ಚಿಯನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, "ಕುಂಡ್ರಿ ಬಾಯಾರ" ಎಂದ. ಆತನ ಕಣ್ಣು ಕೆಂಪಗಾಗಿದ್ದವು.

"ನಾ ಬಂದ ಮ್ಯಾಲ ಬಿಚ್ಚರಿ ಅಂದಿದ್ನೆಲ್ಲ?"

"ಅಂದಿದ್ರಿ ಖರೆ. ಆದ್ರ ಆ ನಾತದಾಗ ನಿಮ್ಮನ್ನ ಹೆಂಗ ನಿಂದ್ರಸೂದ್ರಿ? ಹೊತ್ತು ಹುಟ್ಟೂಕ ಮೊದ್ಲ ನಾಕ್ ಮಂದಿ ಕೂಡಿ ಜಲ್ದಿ ಜಲ್ದಿ ಎಳದ್ವಿ. ಒಬ್ಬ ಎರಡ ಸಲ ವಾಂತಿ ಮಾಡಿಕೊಂಡ. ಈಗ ಆರಾಮ ಅದಾನ್ರಿ."

ಯಂತ್ರ ಹಚ್ಚಿದೆ. ಸೊನ್ನೆ ತೋರಿಸಿತು. ನನಗಾಗಿ ಅವಸರ ಮಾಡದಿದ್ದರೆ ಬಾಗಿಲು ತೆರೆದಿಟ್ಟು ನಿಧಾನವಾಗಿ ಎಳೆಯುತ್ತಿದ್ದರಂತೆ. ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಹಾಕಲಿ? ಅವರು ತರಿಸಿಕೊಟ್ಟ ಚಹಾ ಕುಡಿದು ಎದ್ದೆ.

ಆ ಸಂಜೆ ಶಿರಹಟ್ಟಿಯಲ್ಲಿ ಇಳಿದೆ. ಅಲ್ಲಿ ಶಾಲಾ ಶಿಕ್ಷಕಿಯಾಗಿರುವ ಗೆಳತಿ ಸರೋಜಾ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಗೋದಾಮಿನ ಕಥೆ ಕೇಳಿ ನಕ್ಕುಬಿಟ್ಟಳು. "ನೀನೂ ಹಂಗ ಅದಿ. ನಾ ನಿಮ್ಮನಿಗೆ ಬಂದಾಗ ಸೀದು ಹೋದ ಪಲ್ಲೆ ನನ್ನ ತಾಟಿಗೆ ಹಾಕ್ತಿದ್ದಿಯೇನು? ಹೇಳದ ಕೇಳದ ಹೋಗು ನಾಳೆ" ಎಂದಳು. ಬುದ್ಧಿವಂತ ಸಲಹೆ ಎನಿಸಿತು.

ಮರುದಿನ ಹೇಳದೆ ಕೇಳದೆ ಮುಂಡರಗಿಗೆ ಹೋದೆ. ದಾರಿಯಲ್ಲಿ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಬಸ್ಸಿನ ಕಿಟಕಿಯಿಂದ ಬೀಸುವ ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಇಷ್ಟು ಗಾಳಿ ಇರುವ ಸೀಮೆಯಲ್ಲಿ ಒಂದು ಶೆಡ್ಡಿಗೆ ಗಾಳಿ ಬಿಡಿಸಲು ಇಷ್ಟು ಒದ್ದಾಟ ನೋಡಿ ಎಂದು ಹೊಟ್ಟೆ ಉರಿಯಿತು.

ಪೇಟೆಯ ಹಿಂದಿನ ಓಣಿಯಲ್ಲಿ ಹುಸೇನಸಾಬ ಎಂಬ ಮುದುಕ ಹಿತ್ತಾಳೆಯ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದ. ಕಾದ ಹಂಡೆಗೆ ನವಸಾಗರದ ಪುಡಿ ತಾಗಿಸಿದೊಡನೆ ಬಿಳಿ ಹೊಗೆ ಭುಸ್ಸೆಂದು ಏಳುತ್ತದೆ. ಆತನ ಕೈಯಲ್ಲಿ ಪುಡಿ ಇತ್ತು. ನಾನು ಓಡಿ ಹೋಗಿ ನಿಂತೆ. ಆತ ತಲೆಯೆತ್ತಿ ನನ್ನನ್ನು ನೋಡಿದವನೇ ಪುಡಿಯನ್ನು ಡಬ್ಬಿಗೆ ಹಾಕಿ, ತಿದಿ ಊದುವುದನ್ನು ನಿಲ್ಲಿಸಿ, ಹಂಡೆಯನ್ನು ಕೆಳಗಿಳಿಸಿಬಿಟ್ಟ.

"ನಿಲ್ಲಿಸಬ್ಯಾಡ್ರಿ ಚಾಚಾ, ಹಾಕ್ರಿ" ಎಂದು ಬೇಡಿಕೊಂಡೆ.

"ಹೊಗಿ ನಿಮಗ ಬಡೀತೈತಿ ತಂಗಿ. ಮೊದ್ಲ ನೀವು ಬಂದ ಕೆಲಸ ಹೇಳ್ರಿ. ಕಲಾಯಿ ನೀವು ಹೋದ ಮ್ಯಾಲ ಹಾಕಿದ್ರಾತು."

ನಾನು ಬಂದ ಕೆಲಸವೇ ಆ ಹೊಗೆ ಎಂದು ಆತನಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ಹೋಗಿದ್ದರೂ ಒಪ್ಪುತ್ತಿರಲಿಲ್ಲ ಎನ್ನಿ. ಅರ್ಧ ತಾಸು ಕಾದೆ. ಆತನೂ ಕಾದ, ನಾನು ಹೋಗಲೆಂದು. ಕೊನೆಗೆ ಸೋತವಳು ನಾನು.

ಮೂರನೆಯ ದಿನ ಬೆಟಗೇರಿ. ಸಂಜೆಯ ಗಾಡಿಗೆ ಯಂತ್ರಗಳು ಬೆಂಗಳೂರಿಗೆ ಹೋಗಬೇಕಿತ್ತು, ಬೇರೆ ಜಿಲ್ಲೆಯವರು ಅವಕ್ಕಾಗಿ ಕಾಯುತ್ತಿದ್ದರು. ಗಂಗವ್ವನಿಗೆ ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆ: ಕಿಟಕಿ ತೆಗೆಯಬೇಡ, ಕಸ ಹೊಡೆಯಬೇಡ, ನನ್ನನ್ನು ಅತಿಥಿ ಎಂದು ತಿಳಿಯಬೇಡ. ಆಕೆ ಹೇಳಿದಂತೆಯೇ ಮಾಡಿದ್ದಳು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಿಟಕಿ ಮುಚ್ಚಿತ್ತು, ಒಲೆಯ ಮೇಲೆ ಬಣ್ಣದ ಹಂಡೆ ಕುದಿಯುತ್ತಿತ್ತು.

ರುದ್ರಪ್ಪ ಸಣಕಲು ಮನುಷ್ಯ, ಮೊಣಕೈವರೆಗೆ ನೀಲಿ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ಅಂಗಿಯ ಕಾಲರಿಗೆ ಯಂತ್ರ ಸಿಗಿಸುವಾಗ ನಾಚಿಕೊಂಡ. ಒಳಗೆ ಹೋದವನು ಎರಡು ನಿಮಿಷಕ್ಕೆ ಹೊರಗೆ ಬಂದು, "ಅಕ್ಕಾರಿಗೆ ನೆರಳಿಗೆ ಕುರ್ಚಿ ಹಾಕು" ಎಂದು ಹೆಂಡತಿಗೆ ಹೇಳಿದ. ಮತ್ತೆ ಹೋದ. ಮತ್ತೆ ಬಂದು, "ಚಾ ಕೊಟ್ಟಿಯಿಲ್ಲ?" ಎಂದ. ಗಂಗವ್ವ ಹಲ್ಲು ಕಚ್ಚಿ, "ನಿಮಗ ಕೈ ಮುಗೀತೇನ್ರಿ, ಒಳಗ ನಿಂತು ಕೆಲಸಾ ಮಾಡ್ರಿ" ಎಂದಳು.

ಆಮೇಲೆ ಹೈಡ್ರೋಸ್ ಡಬ್ಬಿ ತೆರೆದ. ಬಣ್ಣ ಕರಗಿಸಲು ಹಾಕುವ ಬಿಳಿ ಪುಡಿ ಅದು. ಕುದಿಯುವ ಹಂಡೆಗೆ ಬಿದ್ದೊಡನೆ ಗಂಧಕದ ಹೊಗೆ ಎದ್ದು ಶೆಡ್ಡು ತುಂಬಿತು. ಬಾಗಿಲಲ್ಲಿ ನಿಂತ ನನಗೇ ಗಂಟಲು ಕೊರೆದಂತಾಯಿತು. ಯಂತ್ರದ ಅಂಕಿಯನ್ನು ನನ್ನ ಫೋನಿನಲ್ಲಿ ನೋಡುತ್ತಿದ್ದೆ. ಏರುತ್ತಿತ್ತು. ಸರಾಸರಿಯೂ ಅದರ ಹಿಂದೆ ನಿಧಾನವಾಗಿ ಏರುತ್ತಿತ್ತು. ಇನ್ನು ಕೆಲವು ನಿಮಿಷ ಹೀಗೇ ನಡೆದರೆ ಮಿತಿ ದಾಟುವುದು ಖಚಿತವಿತ್ತು. ನಾನು ನಾಚಿಕೆಯಿಲ್ಲದೆ ಖುಷಿಪಟ್ಟೆ.

ಅಷ್ಟರಲ್ಲಿ ಕೆಮ್ಮು ಶುರುವಾಯಿತು. ರುದ್ರಪ್ಪ ಕೈಯಲ್ಲಿನ ನೂಲಿನ ಲಡಿ ಬಿಟ್ಟು ಗೋಡೆ ಹಿಡಿದ. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಗಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಗಂಡನನ್ನು ಕರೆಯಲಿಲ್ಲ. ನನ್ನ ಫೋನನ್ನೇ ನೋಡುತ್ತಿದ್ದಳು.

ನನ್ನಿಂದ ಆಗಲಿಲ್ಲ. "ರುದ್ರಪ್ಪಾ, ಹೊರಗ ಬರ್ರಿ! ಸಾಕು, ಬರ್ರಿ!" ಎಂದು ಕೂಗಿ ಒಳಗೆ ನುಗ್ಗಿ, ಆತನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದೆ.

ಯಂತ್ರ ಆತನ ಕಾಲರಿನಲ್ಲೇ ಇತ್ತು, ಹದಿನೈದು ನಿಮಿಷ ತುಂಬುವಷ್ಟರಲ್ಲಿ ಅಂಗಳದ ಒಳ್ಳೆಯ ಗಾಳಿಯೂ ಸರಾಸರಿಗೆ ಸೇರಿತು. ಅಂಕಿ ಮಿತಿಯ ಹತ್ತಿರ ಬಂದು, ಕೆಳಗೇ ನಿಂತಿತು.

ಗಂಗವ್ವ ನನ್ನತ್ತ ತಿರುಗಿ, "ಇನ್ನ ಸ್ವಲ್ಪ ತಡದಿದ್ರ ಆಗತಿತ್ತಲ್ರಿ ಅಕ್ಕಾರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಮಷೀನ್ ನಾ ಹಾಕ್ಕೋತೇನಿ. ಹಂಡೆ ಮುಂದ ನಾನ ನಿಂದರ್ತೇನಿ" ಎಂದೆ. ಹೊರಸಿನ ಮೇಲೆ ಮಲಗಿದ್ದ ರುದ್ರಪ್ಪ ಧಡಕ್ಕನೆ ಎದ್ದು ಕೂತ. "ಶಿವನೇ, ಮನಿಗೆ ಬಂದವರನ್ನ ಆ ಹೊಗ್ಯಾಗ ನಿಂದ್ರಸೂದೇನ್ರಿ?" ಎಂದವನು ತಡವರಿಸುತ್ತ ಹೋಗಿ ಒಲೆಗೆ ಒಂದು ಕೊಡ ನೀರು ಸುರಿದೇಬಿಟ್ಟ.

ಸಾವ್ಕಾರ ಹೊತ್ತಿಗೆ ಸರಿಯಾಗಿ ಬಂದ. ನನ್ನ ಫೋನು ನೋಡಿದ, ತನ್ನ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡ. ಸುಳ್ಳು ಅಂಕಿ ಹೇಳಿಬಿಡಲೇ ಎಂದು ನನ್ನ ಮನಸ್ಸಿಗೆ ಬರುವುದರೊಳಗೆ ಆ ದಾರಿಯೂ ಮುಚ್ಚಿಹೋಗಿತ್ತು. "ರೋಗದ ಮನುಷ್ಯಾನ ಅರ್ಧಕ್ಕ ಎಳಕೊಂಡು ಬಂದೇನ್ರಿ, ಅದಕ್ಕ ಕಡಿಮಿ ಬಂದೈತಿ" ಎಂದೆ. "ಇರಬಹುದ್ರಿ. ಆದ್ರ ಮಿತಿ ಒಳಗೈತಿ ಅಲ್ರಿ? ಮೀರಿದ್ರ ಹಾಕಸ್ತಿದ್ನಿ, ನಾ ಮಾತಿಗೆ ತಪ್ಪಾಂವಲ್ಲ" ಎಂದು ಆತ ಕೈ ಮುಗಿದ. ಬಹಳ ಮರ್ಯಾದೆಯ ಮನುಷ್ಯ. ಸಮಿತಿಯವರೂ ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ ಎಂದು ನನಗೆ ಆಗಲೇ ಗೊತ್ತಾಗಿಹೋಯಿತು.

ಎಲ್ಲಕ್ಕಿಂತ ನನ್ನನ್ನು ಮುರಿದು ಹಾಕಿದ್ದು ರುದ್ರಪ್ಪನ ಮುಖ. ಅದು ಅರಳಿತ್ತು. "ನೋಡಿದಿಯಿಲ್ಲೋ? ಸುಮ್ನ ಅಂಜತಿದ್ದಿ. ಮಷೀನ ಹೇಳಿತು, ಏನೂ ಇಲ್ಲ ಅಂತ" ಎಂದು ಹೆಂಡತಿಗೆ ಸಮಾಧಾನ ಹೇಳುತ್ತಿದ್ದ. ಇಷ್ಟು ದಿನ ಆತನಿಗೂ ಹೆದರಿಕೆ ಇತ್ತೆಂಬುದು ಆಗ ತಿಳಿಯಿತು. ಆ ಹೆದರಿಕೆಯೊಂದಾದರೂ ಆತನನ್ನು ಕಾಯುತ್ತಿತ್ತು. ಈಗ ನಾನು ಅದನ್ನೂ ಕಸಿದುಕೊಂಡಿದ್ದೆ.

"ಏನೂ ಇಲ್ಲ ಅಂತ ಅಲ್ರಿ ರುದ್ರಪ್ಪಾ, ದವಾಖಾನಿಗೆ ಹೋಗ್ರಿ" ಎಂದೆ. ಆತ ನಗುತ್ತ ತಲೆಯಾಡಿಸಿದ. ಗಂಗವ್ವ ನಾಲ್ಕು ಖಡಕ್ ರೊಟ್ಟಿ ಕಟ್ಟಿ ಕೊಟ್ಟಳು.

ಸ್ಟೇಷನ್ನಿಗೆ ಆಟೊ ಬಂತು. ಬೇಡವೆಂದರೂ ರುದ್ರಪ್ಪ ಓಣಿಯವರೆಗೆ ಬಂದು, ಚೀಲ ಒಳಗಿಟ್ಟು, "ಮತ್ತ ಬರ್ರಿ ಅಕ್ಕಾರ" ಎಂದ. ಆಟೊ ಹೊರಟಿತು. ಮನೆಯ ಹಿಂಭಾಗ ಕಾಣುವ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಆಟೊ ಬರುವುದರೊಳಗೇ ಆತ ಒಣ ಕಟ್ಟಿಗೆ ಹಾಕಿ ಮತ್ತೆ ಒಲೆ ಹೊತ್ತಿಸಿದ್ದ. ಈಗ ಒಳಗೆ ನಿಂತು ಶೆಡ್ಡಿನ ಬಾಗಿಲನ್ನು ಎಳೆದು ಗಟ್ಟಿಯಾಗಿ ಹಾಕಿಕೊಳ್ಳುತ್ತಿದ್ದ, ಹೊಗೆ ಓಣಿಗೆ ಬಂದು ನನಗೆ ತಾಕದಿರಲೆಂದು.