ಒಂದು ಬೆರಳಿನ ಅಂತರ

ನಮ್ಮ ಚಿಕ್ಕಪ್ಪನ ಹೊಟ್ಟೆಕಿಚ್ಚಿಗೆ ಆಮ್ಲಜನಕದ ಅಣು ಕಾರಣ ಎಂದರೆ ಯಾರೂ ನಂಬುವುದಿಲ್ಲ. ಪ್ರಖರ ಲೇಸರ್ ಬೆಳಕು ಬಿದ್ದಾಗ ಅಣುವಿನಿಂದ ಎಲೆಕ್ಟ್ರಾನ್ ಎಷ್ಟು ಸುಲಭವಾಗಿ ಕಿತ್ತುಬರುತ್ತದೆ ಎಂದು ಲೆಕ್ಕ ಹಾಕುವುದೇ ಅವನ ಜೀವಮಾನದ ಕಸುಬು. ಅಣು ತನ್ನ ಎಲೆಕ್ಟ್ರಾನನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಗೊತ್ತಿದ್ದರೆ ಸಾಕು, ಅದರ ಆಕಾರ ಕಟ್ಟಿಕೊಂಡು ಏನಾಗಬೇಕು ಎಂಬುದು ಅವನ ಹಟ. ಪಕ್ಕದ ಮೇಜಿನ ಸಹೋದ್ಯೋಗಿ ಆಕಾರವನ್ನೂ ಲೆಕ್ಕಕ್ಕೆ ಸೇರಿಸಿದಳು. ಬೆನ್ನ ಹಿಂದೆ ಇವನು ಅವಳಿಗೆ ಇಟ್ಟ ಹೆಸರು ಮಹಾರಾಣಿ.

ಕೊನೆಗೆ ಪ್ರಯೋಗಾಲಯದಿಂದ ಆಮ್ಲಜನಕದ ಅಳತೆ ಬಂತು. ಇಬ್ಬರ ಲೆಕ್ಕವನ್ನೂ ಗೆರೆಯಾಗಿ ಎಳೆದ ಚಿತ್ರದಲ್ಲಿ ಅಳತೆಯ ಚುಕ್ಕೆಗಳೆಲ್ಲ ಮಹಾರಾಣಿಯ ಗೆರೆಯ ಮೇಲೇ ಕೂತಿದ್ದವು. ಚಿಕ್ಕಪ್ಪನ ಗೆರೆ ಹತ್ತು ಪಟ್ಟು ಹೆಚ್ಚು ಹೇಳುತ್ತ ಎಲ್ಲೋ ಮೇಲೆ ಒಂಟಿಯಾಗಿ ನಿಂತಿತ್ತು. ಎಲ್ಲರೂ ಅವಳನ್ನು ಹೊಗಳುವಾಗ ಇವನೂ ಹಲ್ಲು ಕಿರಿದ.

ಮನೆಗೆ ಬಂದವನೇ ಅದೇ ಚಿತ್ರವನ್ನು ಲಾಗ್ ಅಳತೆಯಲ್ಲಿ ಮತ್ತೆ ಬರೆದ. ಅದರಲ್ಲಿ ಒಂದು, ಹತ್ತು, ನೂರು ಎಲ್ಲವೂ ಸಮನಾದ ಮೆಟ್ಟಿಲುಗಳು. ಹತ್ತು ಪಟ್ಟಿನ ತಪ್ಪೂ ಬೆರಳಗಲಕ್ಕೆ ಕುಗ್ಗುತ್ತದೆ. ಅವರ ಕಸುಬಿನಲ್ಲಿ ಇದು ಎಲ್ಲರೂ ಮಾಡುವುದೇ, ಮೋಸವೇನಲ್ಲ. ಆದರೆ ಆಗತಾನೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವ ಹೆಂಡತಿಯ ಮೂಗಿನ ಮುಂದೆ ಅದನ್ನು ಹಿಡಿಯುವವರು ಕಡಿಮೆ.

“ನೋಡೇ, ಅವಳ ಗೆರೆಗೂ ನನ್ನ ಗೆರೆಗೂ ಒಂದೇ ಬೆರಳು ಅಂತರ! ಇಷ್ಟಕ್ಕೇ ಅವಳನ್ನ ತಲೆ ಮೇಲೆ ಕೂರಿಸ್ಕೊಂಡಿದಾರೆ.”

ಚಿಕ್ಕಮ್ಮ ಗೆರೆಗಳ ನಡುವೆ ಬೆರಳಿಟ್ಟು ನೋಡಿದಳು. “ಹೌದು, ಒಂದೇ ಬೆರಳು.” ಆಮೇಲೆ ಅವನ ಮುಖ ನೋಡಿದಳು.

“ಮತ್ತೆ ಒಂದು ಬೆರಳಿಗೆ ಇಷ್ಟೊಂದು ಯಾಕ್ರೀ ಉರ್ಕೋತಿದೀರಿ?”