ಎರಡನೇ ನಂಬರಿನ ಪ್ಲೇಟು

ಹಡಗು ಕಟ್ಟುವ ಯಾರ್ಡಿನಲ್ಲಿ ಅವನಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಠಣ್ಣಪ್ಪ ಅಂದರೆ ಮುಗಿಯಿತು. ಮೂವತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಉಕ್ಕಿನ ಪ್ಲೇಟನ್ನು ಸುತ್ತಿಗೆಯಿಂದ ತಟ್ಟುವುದು, ಕಿವಿಗೊಡುವುದು, ಸೀಮೆಸುಣ್ಣದಲ್ಲಿ ನಂಬರು ಬರೆಯುವುದು. ಠಣ್ ಎಂದರೆ ಒಂದೋ ಎರಡೋ, ಉತ್ತಮ. ಥಪ್ ಎಂದರೆ ಎಂಟೋ ಒಂಬತ್ತೋ, ಗುಜರಿಗೆ.

ಭಾನುವಾರವಾದರೂ ಮನುಷ್ಯನಿಗೆ ಬೇರೆ ಯೋಚನೆ ಬೇಡವೇ? ಊಹೂಂ. ಮನೆಯ ನೆಲದ ಮೇಲೆ ಮರದ ಹಡಗುಗಳನ್ನು ಜೋಡಿಸಿ ಗೆಳೆಯರೊಂದಿಗೆ ಯುದ್ಧದಾಟ. ಅದರಲ್ಲೂ ಯಾರ್ಡಿನ ನಂಬರುಗಳೇ! ಒಂದನೇ ನಂಬರಿನ ಹಡಗಿಗೆ ಗುಂಡು ನಾಟಬೇಕಾದರೆ ದಾಳದಲ್ಲಿ ದೊಡ್ಡ ಅಂಕಿ ಬೀಳಬೇಕು. ಯಾರ್ಡಿನಲ್ಲೇ ಎಂಜಿನ್ ಕೆಲಸ ಮಾಡುವ ಮಗಳಿಗೆ ಹಡಗು ಬೇಜಾರಾಯಿತು. ಅವಳು ಗುಹೆ, ರಾಕ್ಷಸರು, ಕತ್ತಿ ಹಿಡಿದ ವೀರರನ್ನು ಆಟಕ್ಕೆ ತಂದಳು; ಹಡಗಿನ ನಂಬರುಗಳನ್ನೇ ಮನುಷ್ಯರಿಗೆ ತೊಡಿಸಿದಳು. ಉಕ್ಕಿನ ಕವಚಕ್ಕೆ ಎರಡು, ತೊಗಲಿನ ಅಂಗಿಗೆ ಏಳು, ಬರಿಮೈಗೆ ಒಂಬತ್ತು.

"ಇದೇನಮ್ಮ ತಿರುಗಾಮುರುಗಾ! ಕವಚ ಗಟ್ಟಿಯಾದಷ್ಟೂ ನಂಬರ್ ಯಾಕೆ ಇಳೀಬೇಕು?" ಎಂದು ಗೆಳೆಯರು ತಕರಾರು ತೆಗೆದರು. ಸರಿ, ಹೋದ ತಿಂಗಳಿಂದ ಆಟದಲ್ಲಿ ಉಲ್ಟಾ ಮಾಡಿದರು, ಒಂಬತ್ತೇ ಉತ್ತಮ. ಹೊಸ ಲೆಕ್ಕ ತಲೆಗೆ ಹತ್ತಲೆಂದು ಠಣ್ಣಪ್ಪ ವಾರವಿಡೀ ಬಾಯಿಪಾಠ ಮಾಡಿದ. ಮಾಡಬಾರದಿತ್ತು.

ಒಂದು ಬೆಳಿಗ್ಗೆ ಗುಜರಿ ರಾಶಿಯ ಪಕ್ಕ ಹಾಯುವಾಗ ಕೈ ಸುಮ್ಮನಿರದೆ ಒಂದು ಪ್ಲೇಟು ತಟ್ಟಿದ. ಠಣ್! ಅಪ್ಪಟ ಉಕ್ಕು. ಅದರ ಮೇಲೆ ತನ್ನದೇ ಕೈಬರಹ: ಎಂಟು. ಆಟದ ಲೆಕ್ಕ! ಒಳ್ಳೆಯದಕ್ಕೆ ಎಂಟು ಬರೆದಿದ್ದರೆ, ಅದೇ ದಿನ ಥಪ್ ಎಂದ ಪ್ಲೇಟಿಗೆ ಎರಡು ಬರೆದಿರಬೇಕು. ಆ ಎರಡು ಎಲ್ಲಿ ಹೋಯಿತು? ಹೊಸ ದೋಣಿಯ ಮೂತಿಗೆ. ಆ ದೋಣಿ ಅಂದೇ ಒಂಬತ್ತು ಗಂಟೆಗೆ ನೀರಿಗಿಳಿದು ನೇರ ಕಡಲಿಗೆ ಹೋಗಲಿತ್ತು. ಎಂಜಿನ್ ನೋಡಿಕೊಳ್ಳಲು ಆಗಲೇ ಒಳಗೆ ಹೋಗಿ ಕೂತವಳು ಅವನ ಮಗಳು.

ಓಡಿದ. ಯಾರ್ಡು ಇಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಮೇಸ್ತ್ರಿ, ನಿಲ್ಲಿಸಿ! ಮೂತಿಯ ಪ್ಲೇಟು ಕೆಟ್ಟಿದೆ!"

ಮೇಸ್ತ್ರಿ ಕಾಗದ ತಿರುವಿದ. "ಎರಡು ಅಂತ ನೀವೇ ಬರೆದಿದ್ದೀರಲ್ಲ?"

"ಎಂಟು ಬರೀಬೇಕಿತ್ತು. ಆಟದ ಲೆಕ್ಕ ಕಲೆಸಿಹೋಯ್ತು."

"ಯಾವ ಆಟಾನೋ! ಮೂವತ್ತು ವರ್ಷದಲ್ಲಿ ನಿಮ್ಮ ಕೈ ಒಂದು ಸಲಾನಾದ್ರೂ ತಪ್ಪಿದೆಯಾ? ಮಗಳು ಕಡಲಿಗೆ ಹೋಗ್ತಾಳೆ ಅಂತ ಹೆದರಿದ್ದೀರಿ, ಅಷ್ಟೇ. ಒಂದು ಲೋಟ ನೀರು ಕುಡೀರಿ."

ಠಣ್ಣಪ್ಪ ದೋಣಿಯ ಮೂತಿಯನ್ನು ತಟ್ಟಿ ತೋರಿಸಿದ. ಥಪ್. ಮೇಸ್ತ್ರಿಗೆ ಆ ಕಿವಿ ಎಲ್ಲಿಂದ ಬರಬೇಕು? "ಹೊಸ ಬಣ್ಣ, ಹಾಗೇ ಕೇಳ್ಸುತ್ತೆ," ಎಂದು ನಕ್ಕ. ಸುತ್ತ ನಿಂತವರೂ ನಕ್ಕರು. ತನ್ನ ಕೈಯ ಮೇಲಿನ ಅವರ ನಂಬಿಕೆಯೇ ಮಗಳನ್ನು ಮುಳುಗಿಸಲಿತ್ತು.

"ಬೆಣೆ ತೆಗೀರೋ, ದೋಣಿ ನೀರಿಗೆ ಜಾರಲಿ," ಎಂದ ಮೇಸ್ತ್ರಿ.

ಬೆಣೆ ಬಡಿಯುವವನ ಕೈಯಿಂದ ಠಣ್ಣಪ್ಪ ದೊಡ್ಡ ಸುತ್ತಿಗೆ ಕಿತ್ತುಕೊಂಡ. ಜೀವಮಾನವಿಡೀ ಮೆಲ್ಲಗೆ ತಟ್ಟಿದವನು ಈಗ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮೂತಿಯ ಪ್ಲೇಟಿಗೆ ಬೀಸಿದ. "ತಲೆ ಕೆಟ್ಟಿದೆಯೇನ್ರೀ! ಹಿಡೀರೋ ಅವ್ರನ್ನ!" ಎಂದು ಮೇಸ್ತ್ರಿ ಕೂಗಿದ. ಇಬ್ಬರು ಸೊಂಟ ಹಿಡಿದು ಎಳೆದರೂ ಬಿಡದೆ ಇನ್ನೆರಡು ಏಟು ಹಾಕಿದ. ಮೂರನೆಯದಕ್ಕೆ ಪ್ಲೇಟು ಗೇಣುದ್ದ ಸೀಳಿತು.

ಒಳಗಿನಿಂದ ಮಗಳ ದನಿ ಬಂತು:

"ಯಾರಪ್ಪಾ ಅದು ಬಡೀತಿರೋದು? ಇಲ್ಲಿ ಒಳಗಡೆ ಬೆಳಕು ಬೀಳ್ತಾ ಇದೆ!"